ಕಣ್ಣು ಮುಚ್ಚಿ ಕೂತರೆ ಸೊಂಟ ನೋವು ಜಾಸ್ತಿಯಾಗುತ್ತದೆ: ನನಗೆ ಧ್ಯಾನ ಆಗಿಬರುತ್ತದಾ?

ಪ್ರಶ್ನೆ: ನನಗೆ 47 ವರ್ಷ. ಸಕಲೇಶಪುರ ತಾಲೂಕಿನಲ್ಲಿ 5 ಎಕರೆ ಕಾಫಿ ತೋಟ ಇದೆ. ಆಳು ಸಿಗುವುದಿಲ್ಲ, ಹಣ್ಣು ಕೊಯ್ಯುವುದು, ಕಣದಲ್ಲಿ ಒಣಗಿಸುವುದು ಎಲ್ಲ ನಾನು, ನಮ್ಮ ಯಜಮಾನರೇ. 3 ವರ್ಷದಿಂದ ಸೊಂಟ ನೋವು, ಎಡ ತೊಡೆಯವರೆಗೆ ಎಳೆತ. ಹಾಸನದಲ್ಲಿ ಎಂಆರ್‌ಐ ಮಾಡಿಸಿದೆವು. ಎಲ್4-ಎಲ್5 ಡಿಸ್ಕ್ ಉಬ್ಬಿದೆ, ಆಪರೇಷನ್ ಬೇಡ ಅಂದರು. ನರದ ನೋವಿಗೆ ರಾತ್ರಿಗೊಂದು ಪ್ರೆಗಾಬಲಿನ್ 75 ಕೊಟ್ಟಿದ್ದಾರೆ. ತಡೆಯಲಾಗದಾಗ ಮೆಡಿಕಲ್ ಶಾಪಿನಿಂದ ನೋವಿನ ಮಾತ್ರೆ ತರುತ್ತೇನೆ, ವಾರಕ್ಕೆ ನಾಲ್ಕಾದರೂ ಆಗುತ್ತದೆ. ಈಗ ಎದೆಯುರಿ ಶುರುವಾಗಿದೆ. ಕಳೆದ ಸಲ ತೋರಿಸಿದಾಗ ಡಾಕ್ಟರು "ಟೆನ್ಷನ್ ಕಡಿಮೆ ಮಾಡಿಕೊಳ್ಳಿ, ಧ್ಯಾನ ಮಾಡಿ" ಅಂದರು. ಮಗಳು ಫೋನಿನಲ್ಲಿ ಧ್ಯಾನದ ಆಪ್ ಹಾಕಿಕೊಟ್ಟಳು. ನೆಲದ ಮೇಲೆ ಕಣ್ಣು ಮುಚ್ಚಿ ಕೂತರೆ ಐದು ನಿಮಿಷಕ್ಕೇ ನೋವು ದುಪ್ಪಟ್ಟು. ಮನಸ್ಸು ಖಾಲಿ ಮಾಡಿ ಅನ್ನುತ್ತಾರೆ, ನನಗೆ ಬ್ಯಾಂಕಿನ ಸಾಲ, ತೋಟಕ್ಕೆ ಬರುವ ಆನೆ, ಇವೇ ಕಣ್ಣ ಮುಂದೆ. ಮಲಗಿ ಮಾಡಿದರೆ ನಿದ್ದೆ. ನನ್ನ ನೋವು ಮನಸ್ಸಿನದ್ದು ಅಂತ ಇವರ ಅರ್ಥವೇ? ನನ್ನಂಥವರಿಗೆ ಧ್ಯಾನ ಆಗಿಬರುತ್ತದಾ? ಎಷ್ಟು ದಿನ ಮಾಡಬೇಕು, ಮಾತ್ರೆ ಬಿಡಬಹುದಾ? ಯಜಮಾನರಿಗೆ ಬಿಪಿ ಇದೆ, ಅವರೂ ಮಾಡಬಹುದಾ?

ಓದುಗರು, ಸಕಲೇಶಪುರ ತಾಲೂಕು

ಉತ್ತರ: ನೀವು ಕೇಳಿದ ಪ್ರಶ್ನೆಗಳು ಹಲವು, ಅವುಗಳ ಕೆಳಗಿರುವ ಅಳುಕು ಒಂದೇ. ಧ್ಯಾನ ಮಾಡಿ ಅಂದವರು ನನ್ನ ನೋವನ್ನು ನಂಬಿಲ್ಲವೇನೋ ಎಂಬುದು. ಅದನ್ನು ಮೊದಲು ಇತ್ಯರ್ಥ ಮಾಡೋಣ. ನಿಮ್ಮ ನೋವು ನಿಜ, ಅದು ನಿಮ್ಮ ಸೊಂಟದಲ್ಲೇ ಇದೆ. ಬೆನ್ನು ಬಗ್ಗಿಸಿ ಮೂಟೆ ಎಳೆಯುವವರಿಗೆ ಬರುವ ನೋವನ್ನು ಭ್ರಮೆ ಅಂದರೆ ತಪ್ಪಾಗುತ್ತದೆ. ಧ್ಯಾನವನ್ನು ನೋವಿನ ಚಿಕಿತ್ಸೆಗೆ ತಂದವರೂ ಹಾಗೆ ಅಂದವರಲ್ಲ. 1979ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕಾಲೇಜಿನಲ್ಲಿ ಜಾನ್ ಕಬಾಟ್-ಜಿನ್ ಮೈಂಡ್‌ಫುಲ್‌ನೆಸ್ (ಈ ಕ್ಷಣದಲ್ಲಿ ಆಗುತ್ತಿರುವುದರ ಮೇಲೆ ಗಮನ ಇಡುವ ಧ್ಯಾನ) ತರಬೇತಿ ಶುರು ಮಾಡಿದಾಗ ಅಲ್ಲಿಗೆ ಬರುತ್ತಿದ್ದವರಲ್ಲಿ ಬಹಳ ಜನ ಮಾತ್ರೆ, ಇಂಜೆಕ್ಷನ್, ಆಪರೇಷನ್ ಎಲ್ಲ ಆದರೂ ನೋವು ಹೋಗದೆ ಉಳಿದವರು. ಆಪರೇಷನ್ನಿಗೂ ಬಾರದ, ಮಾತ್ರೆಗೂ ಬಗ್ಗದ ನಿಮ್ಮಂಥ ನೋವಿಗಾಗಿಯೇ ಬೆಳೆದ ಕ್ರಮ ಇದು.

ಇನ್ನು ಎಂಆರ್‌ಐ. ಎಲ್4-ಎಲ್5 ಅಂದರೆ ಸೊಂಟದ ನಾಲ್ಕು, ಐದನೆಯ ಮೂಳೆಗಳು, ಡಿಸ್ಕ್ ಅಂದರೆ ಅವುಗಳ ನಡುವಿನ ಮೆತ್ತೆ. "ಡಿಸ್ಕ್ ಉಬ್ಬಿದೆ" ಎಂಬ ಸಾಲು ಓದಿದ ದಿನದಿಂದ ಬೆನ್ನು ಮುರಿದೇಹೋಗುತ್ತದೆ ಎಂಬ ಹೆದರಿಕೆ ಹಲವರಲ್ಲಿ ಕೂತುಬಿಡುತ್ತದೆ. ಬೆನ್ನು ನೋವೇ ಇಲ್ಲದವರನ್ನು ಸ್ಕ್ಯಾನ್ ಮಾಡಿದ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದಾಗ, 50 ವರ್ಷದ 100 ಜನರಲ್ಲಿ ಸುಮಾರು 60 ಜನರಿಗೆ ಡಿಸ್ಕ್ ಉಬ್ಬಿತ್ತು. ತಲೆಕೂದಲು ನರೆತ ಹಾಗೆ, ವಯಸ್ಸಿನ ಜೊತೆ ಬರುವಂಥದ್ದು. ನಿಮ್ಮ ನೋವಿನಲ್ಲಿ ಅದರ ಪಾಲು ಇಲ್ಲ ಅಂತಲ್ಲ. 3 ವರ್ಷದ ನೋವನ್ನೆಲ್ಲ ಆ ಒಂದು ಉಬ್ಬಿನ ತಲೆಗೆ ಕಟ್ಟಲು ಆಗುವುದಿಲ್ಲ ಅಷ್ಟೆ.

ಹಾಗಾದರೆ ಉಳಿದದ್ದು ಎಲ್ಲಿಂದ? ಉಳುಕು, ಪೆಟ್ಟಿನಿಂದ ಆದ ಗಾಯ ಸಾಮಾನ್ಯವಾಗಿ 3 ತಿಂಗಳೊಳಗೆ ಮಾಯುತ್ತದೆ. ಅದಕ್ಕೇ 3 ತಿಂಗಳು ದಾಟಿದ ನೋವನ್ನು ನಾವು ಬೇರೆಯೇ ಲೆಕ್ಕಕ್ಕೆ ಹಾಕುತ್ತೇವೆ. ಆ ಹೊತ್ತಿಗೆ ನೋವನ್ನು ಸಾಗಿಸುವ ನರಗಳು, ಬೆನ್ನುಹುರಿ, ಮಿದುಳು ಮೂರೂ ಸೂಕ್ಷ್ಮವಾಗಿಬಿಟ್ಟಿರುತ್ತವೆ. ಒಂದು ರಾತ್ರಿ ಆನೆ ಕಂಡು ಬೊಗಳಿದ ಮನೆ ನಾಯಿ ಆಮೇಲೆ ತಿಂಗಳುಗಟ್ಟಲೆ ಹಲಸಿನ ಎಲೆ ಉದುರಿದರೂ ಬೊಗಳುತ್ತದಲ್ಲ, ಹಾಗೆ. ನಾಯಿ ಸುಳ್ಳು ಹೇಳುತ್ತಿಲ್ಲ, ಅದರ ಕಿವಿ ಅಷ್ಟು ಚುರುಕಾಗಿದೆ. ಇದರ ಮೇಲೆ ನಿದ್ದೆಗೆಟ್ಟರೆ ಕಿವಿ ಇನ್ನೂ ಚುರುಕು. ಸಾಲದ ಚಿಂತೆ ಹತ್ತಿದರೆ ಇನ್ನೂ ಚುರುಕು. ನೋವು ಬಂದೀತೆಂದು ನೀವು ಮೊದಲೇ ಹಲ್ಲು ಕಚ್ಚಿ, ಉಸಿರು ಹಿಡಿದು, ಸೊಂಟ ಬಿಗಿ ಮಾಡಿಕೊಂಡರೆ ಆ ಬಿಗಿದ ಸ್ನಾಯುವೇ ಸಂಜೆಗೆ ಬೇರೊಂದು ನೋವಾಗುತ್ತದೆ.

ಬುದ್ಧನ ಮಾತುಗಳಲ್ಲಿ ಇದಕ್ಕೆ ಎರಡು ಬಾಣದ ಹೋಲಿಕೆ ಬರುತ್ತದೆ. ಮೊದಲ ಬಾಣ ಮೈಗೆ ನೆಟ್ಟದ್ದು. ಅದರ ಹಿಂದೆಯೇ ಬರುವ ಎರಡನೆಯದು ಮನಸ್ಸಿಗೆ ನೆಡುವ ಸಂಕಟ. ಧ್ಯಾನ ಕೆಲಸ ಮಾಡುವುದು ಈ ಎರಡನೆಯ ಬಾಣದ ಮೇಲೆ. ಮೊದಲನೆಯದನ್ನು ಅದು ಕೀಳುವುದಿಲ್ಲ, ಯಾರಾದರೂ ಕೀಳುತ್ತದೆ ಅಂದರೆ ನಂಬಬೇಡಿ. ಆದರೆ ವರ್ಷಗಟ್ಟಲೆ ನೋವು ಉಂಡವರಲ್ಲಿ ಎರಡನೆಯದರ ಭಾರವೇ ಹೆಚ್ಚಾಗಿರುವುದನ್ನು ಈ ಚಿಕಿತ್ಸೆಯಲ್ಲಿ ನಾವು ದಿನವೂ ನೋಡುತ್ತೇವೆ.

ಕಣ್ಣು ಮುಚ್ಚಿದರೆ ನೋವು ಜಾಸ್ತಿಯಾಗುವುದಕ್ಕೆ ಎರಡು ಕಾರಣಗಳಿವೆ, ಎರಡಕ್ಕೂ ಪರಿಹಾರವಿದೆ. ಒಂದು, ನೀವು ಕೂತ ಭಂಗಿ. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿದಾಗ ತೊಡೆ, ಪೃಷ್ಠದ ಸ್ನಾಯು ಬಿಗಿ ಇದ್ದವರ ಸೊಂಟ ಹಿಂದಕ್ಕೆ ಕುಸಿಯುತ್ತದೆ, ಬೆನ್ನು ಬಿಲ್ಲಾಗುತ್ತದೆ. ಉಬ್ಬಿದ ಡಿಸ್ಕಿಗೆ ಅದು ಒಳ್ಳೆಯ ಭಂಗಿಯಲ್ಲ. ಐದು ನಿಮಿಷಕ್ಕೆ ನೋವೇಳುವುದು ಸಹಜ, ಅಲ್ಲಿ ತಪ್ಪಿದ್ದು ಧ್ಯಾನವಲ್ಲ, ಚಾಪೆ. ಇನ್ನೊಂದು ಕಾರಣ ಗಮನ. ಕೆಲಸ ಮಾಡುವಾಗ ಕಣ್ಣು, ಕಿವಿ, ಕೈ ಎಲ್ಲದರಿಂದಲೂ ಮಿದುಳಿಗೆ ಸುದ್ದಿ ಹೋಗುತ್ತಿರುತ್ತದೆ, ಆ ಸಂತೆಯಲ್ಲಿ ನೋವಿನ ದನಿ ಒಂದು ಅಷ್ಟೇ. ಕಣ್ಣು ಮುಚ್ಚಿ ಸುಮ್ಮನಾದರೆ ಸಂತೆ ಖಾಲಿ, ನೋವಿನ ದನಿಯೊಂದೇ ಕೇಳುತ್ತದೆ. ಹೊಸದಾಗಿ ಶುರು ಮಾಡುವ ಬಹಳ ಜನರಿಗೆ ಮೊದಲ ವಾರ ಹೀಗೇ ಆಗುತ್ತದೆ, ಇದು ನಿಮ್ಮೊಬ್ಬರ ಕುಂದಲ್ಲ. ಆದ್ದರಿಂದ ಸದ್ಯಕ್ಕೆ ಕಣ್ಣು ಮುಚ್ಚುವುದೇ ಬೇಡ. ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟು ಕಣ್ಣು ತೆರೆದೇ ನೋಡುವ ಕ್ರಮ ನಮ್ಮಲ್ಲಿ ಎಷ್ಟು ಹಳೆಯದು! ಮುಂದೆ ಒಂದು ಮಾರು ದೂರದ ನೆಲದ ಮೇಲೆ ದೃಷ್ಟಿ ಇಳಿಬಿಟ್ಟರೆ ಸಾಕು.

ಪದ್ಮಾಸನ ಹಾಕದಿದ್ದರೆ ಧ್ಯಾನವೇ ಅಲ್ಲ ಎಂಬ ಮಾತು ನಿಮಗೆ ಅಡ್ಡ ಬರಬಾರದು. ನಮ್ಮ ಜಿಲ್ಲೆಯ ಶ್ರವಣಬೆಳಗೊಳದಲ್ಲಿ 50 ಅಡಿಗೂ ಮಿಕ್ಕಿ ಎತ್ತರದ ಬಾಹುಬಲಿ ಇರುವುದು ನಿಂತ ಧ್ಯಾನದಲ್ಲಿ. ಜೈನರು ಅದನ್ನು ಕಾಯೋತ್ಸರ್ಗ ಅನ್ನುತ್ತಾರೆ, ದೇಹದ ಹಿಡಿತವನ್ನು ಬಿಟ್ಟುಕೊಡುವುದು ಎಂಬ ಅರ್ಥ. ಅದನ್ನು ನಿಂತೂ ಮಾಡುತ್ತಾರೆ, ಕೂತೂ, ಮಲಗಿಯೂ ಮಾಡುತ್ತಾರೆ. ಮನಸ್ಸು ಖಾಲಿ ಮಾಡುವ ಮಾತೂ ಹೀಗೇ. ಯಾರ ಮನಸ್ಸೂ ಖಾಲಿಯಾಗುವುದಿಲ್ಲ. ಸಾಲದ ಕಡೆ ಓಡಿದ ಮನಸ್ಸನ್ನು "ಸಾಲಕ್ಕೆ ಹೋಗಿದೆ" ಎಂದು ಗುರುತಿಸಿ ಮತ್ತೆ ಉಸಿರಿಗೆ ಕರೆತರುವುದೇ ಅಭ್ಯಾಸ. ಹತ್ತು ನಿಮಿಷದಲ್ಲಿ ಐವತ್ತು ಸಲ ಓಡಿದರೆ ಐವತ್ತು ಸಲ ಕರೆತಂದಿರಿ, ಅಂದರೆ ಐವತ್ತು ಸಲ ಅಭ್ಯಾಸವಾಯಿತು. ಓಡಿದ್ದಕ್ಕೆ ಬೈದುಕೊಳ್ಳುವುದೊಂದೇ ಇಲ್ಲಿ ನಷ್ಟ.

ಶುರು ಮಾಡುವ ಮುಂಚೆ ಒಂದಿಷ್ಟು ನೋಡಿಕೊಳ್ಳಿ. ಮೂತ್ರ ಅಥವಾ ಮಲದ ಹಿಡಿತ ತಪ್ಪುವುದು, ಮೂತ್ರ ಕಟ್ಟುವುದು, ತೊಡೆ ಸಂದು ಮತ್ತು ಕೂರುವ ಜಾಗ ಮರಗಟ್ಟುವುದು, ಪಾದ ಎತ್ತಲಾಗದೆ ಚಪ್ಪಲಿ ಎಳೆದಾಡುವುದು, ಇವುಗಳಲ್ಲಿ ಯಾವುದು ಕಂಡರೂ ಧ್ಯಾನವಲ್ಲ, ಅದೇ ದಿನ ಆಸ್ಪತ್ರೆ. ಗಂಟೆ ತಡವಾದರೂ ನರಕ್ಕೆ ಆದ ಹಾನಿ ಉಳಿದುಬಿಡಬಹುದು. ಬೆನ್ನು ನೋವಿನ ಜೊತೆ ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು, ಹಿಂದೆ ಕ್ಯಾನ್ಸರ್ ಆಗಿದ್ದದ್ದು, ಬಿದ್ದ ಮೇಲೆ ಬಂದ ಹೊಸ ನೋವು, ಯಾವ ಮಗ್ಗುಲಾದರೂ ತಗ್ಗದ ರಾತ್ರಿ ನೋವು, ಇವಿದ್ದರೂ ಮೊದಲು ಪರೀಕ್ಷೆ. ನಿಮ್ಮ ಪತ್ರದಲ್ಲಿ ಇವು ಯಾವುವೂ ಇಲ್ಲ, ಸಮಾಧಾನ.

ಈಗ ಭಂಗಿ. ಚಾಪೆ ಹಾಸಿ ಅದರ ಮೇಲೆ ಕಂಬಳಿ ಎರಡು ಮಡಿಕೆ ಮಾಡಿ ಹಾಸಿ. ಮಲೆನಾಡಿನ ನೆಲದ ತಂಪಿಗೆ ಬರೀ ಚಾಪೆ ಆದರೆ ಸ್ನಾಯು ಇನ್ನಷ್ಟು ಸೆಟೆಯುತ್ತದೆ. ಅಂಗಾತ ಮಲಗಿ ಎರಡೂ ಮೀನಖಂಡವನ್ನು ಕುರ್ಚಿಯ ಮೇಲಿಡಿ, ಮೊಣಕಾಲು ಲಂಬಕೋನದಲ್ಲಿ ಮಡಚಿದ ಹಾಗೆ ಬರಬೇಕು. ಕುರ್ಚಿ ಎತ್ತರವಾದರೆ ಮೊಣಕಾಲ ಕೆಳಗೆ ಎರಡು ದಿಂಬು ಕೊಟ್ಟರೂ ಆದೀತು. ತಲೆಗೆ ತೆಳು ದಿಂಬು. ಈ ಭಂಗಿಯಲ್ಲಿ ಸೊಂಟದ ಮೇಲಿನ ಎಳೆತ ಬಹುಮಟ್ಟಿಗೆ ಇಳಿಯುತ್ತದೆ. ಏಳುವಾಗ ನೇರ ಏಳದೆ ಮಗ್ಗುಲಿಗೆ ಹೊರಳಿ ಕೈಯೂರಿ ಏಳಿ.

ಕೂತು ಮಾಡುವುದಾದರೆ ಕುರ್ಚಿ. ಈಗ ಎಲ್ಲರ ಮನೆಯ ಜಗಲಿಯಲ್ಲೂ ಇರುವ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಒಂದು ತೊಂದರೆ ಇದೆ, ಅವು ಹಿಂದಕ್ಕೆ ಇಳಿಜಾರು. ಕೂತವರ ಸೊಂಟ ಹಳ್ಳಕ್ಕೆ ಬಿದ್ದ ಹಾಗೆ ಹಿಂದಕ್ಕೆ ಹೋಗುತ್ತದೆ. ಸೀಟಿನ ಹಿಂಭಾಗಕ್ಕೆ ಟವೆಲ್ ಮಡಿಸಿಟ್ಟು, ಸೊಂಟ ಮೊಣಕಾಲಿಗಿಂತ ಒಂದೆರಡು ಬೆರಳು ಮೇಲಿರುವಂತೆ ನೋಡಿಕೊಳ್ಳಿ. ಪಾದ ಪೂರ್ತಿ ನೆಲಕ್ಕೆ ತಾಗಬೇಕು. ನಿಂತು ಮಾಡುವುದಾದರೆ ಗೋಡೆಗೆ ಬೆನ್ನು ಕೊಟ್ಟು, ಹಿಮ್ಮಡಿ ಗೋಡೆಯಿಂದ ನಾಲ್ಕು ಬೆರಳು ಮುಂದಿಟ್ಟು ನಿಲ್ಲಿ. ಮಧ್ಯೆ ನೋವೆದ್ದರೆ ಭಂಗಿ ಬದಲಿಸಿ, ಅದಕ್ಕೆ ಯಾರ ಅಪ್ಪಣೆಯೂ ಬೇಡ.

ಮೊದಲ ವಾರ ಉಸಿರು ಮಾತ್ರ. ಮೂಗಿನಿಂದ ನಾಲ್ಕು ಎಣಿಸುವಷ್ಟು ಒಳಕ್ಕೆ, ಆರು ಎಣಿಸುವಷ್ಟು ಹೊರಕ್ಕೆ. ಎಣಿಕೆಗೊಂದು ಸೆಕೆಂಡ್ ಅಂದರೆ ಒಂದು ಉಸಿರಿಗೆ 10 ಸೆಕೆಂಡ್, ನಿಮಿಷಕ್ಕೆ 6. ಫೋನು, ಗಡಿಯಾರ ಬೇಡ. ಹೆಬ್ಬೆರಳಿನಿಂದ ಉಳಿದ ನಾಲ್ಕು ಬೆರಳಿನ ಗೆಣ್ಣು ಎಣಿಸಿ, ಬೆರಳಿಗೆ ಮೂರರಂತೆ ಒಂದು ಸುತ್ತಿಗೆ 12 ಉಸಿರು, ಅಂದರೆ 2 ನಿಮಿಷ. ಬೆಳಿಗ್ಗೆ ಎದ್ದಾಗ, ಮಧ್ಯಾಹ್ನ ಊಟಕ್ಕೆ ಮುಂಚೆ, ರಾತ್ರಿ ಮಲಗುವಾಗ ಒಂದೊಂದು ಸುತ್ತು. ಉಸಿರು ಬಿಡುವಾಗ ಹೃದಯದ ಬಡಿತ ತುಸು ನಿಧಾನವಾಗುವುದು ದೇಹದ ಸ್ವಭಾವ. ಅದಕ್ಕೇ ಹೊರಗೆ ಬಿಡುವುದನ್ನು ಉದ್ದ ಮಾಡುವುದು.

ಇಲ್ಲಿ ಎಲ್ಲರೂ ಮಾಡುವ ತಪ್ಪು ಎಂದರೆ ಎದೆ ಉಬ್ಬಿಸಿ ದೊಡ್ಡ ಉಸಿರು ತೆಗೆದುಕೊಳ್ಳುವುದು. ಹಾಗೆ ಮಾಡಿದರೆ ಇಂಗಾಲದ ಡೈಆಕ್ಸೈಡ್ ಬೇಕಾದ್ದಕ್ಕಿಂತ ಹೆಚ್ಚು ಹೊರಗೆ ಹೋಗಿ ತಲೆ ತಿರುಗುತ್ತದೆ, ತುಟಿ, ಬೆರಳ ತುದಿ ಜುಮುಗುಟ್ಟುತ್ತದೆ. ಉಸಿರು ನಿಧಾನವಾಗಲಿ, ದೊಡ್ಡದಾಗುವುದು ಬೇಡ. ಪಕ್ಕದಲ್ಲಿ ಕೂತವರಿಗೆ ಸದ್ದು ಕೇಳಬಾರದು. ಆರು ಎಣಿಸಲು ಉಸಿರು ಸಾಲದಿದ್ದರೆ ಮೂರಕ್ಕೆ ನಾಲ್ಕು ಸಾಕು, ಆಸ್ತಮಾ ಇದ್ದವರಂತೂ ಎಣಿಕೆಗೆ ಗಂಟು ಬೀಳಲೇಬಾರದು.

ಎಣಿಸುವುದು ಬೇಸರವಾದರೆ ನಿಮಗೆ ರೂಢಿ ಇರುವ ನಾಮವೇ ಆಗಲಿ, "ಓಂ ನಮಃ ಶಿವಾಯ"ವೋ ಇನ್ನೊಂದೋ. ಇಟಲಿಯ ಸಂಶೋಧಕರು 2001ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ ಕ್ರೈಸ್ತರ ಜಪಮಾಲೆ ಪ್ರಾರ್ಥನೆ, ಯೋಗದ ಮಂತ್ರ ಎರಡನ್ನೂ ಹೇಳಿಸಿ ನೋಡಿದರು. ಎರಡರಲ್ಲೂ ಉಸಿರು ನಿಮಿಷಕ್ಕೆ ಸುಮಾರು 6ಕ್ಕೆ ಬಂದು ನಿಂತಿತ್ತು. ಮಣಿ ಎಣಿಸುತ್ತಾ ಕೂರುತ್ತಿದ್ದ ಅಜ್ಜಿಯರಿಗೆ ಈ ಲೆಕ್ಕ ಬೇಕಿರಲಿಲ್ಲ, ಲಾಭ ಮಾತ್ರ ಸಿಗುತ್ತಿತ್ತು.

ಎರಡನೆಯ ಮತ್ತು ಮೂರನೆಯ ವಾರ ಮೈಯ ಮೇಲೆ ಗಮನ ಸರಿಸುವುದು, ದಿನಕ್ಕೊಂದು ಸಲ 10 ನಿಮಿಷ. ಸಂಜೆ ಹಂಡೆಯ ಬಿಸಿನೀರು ಸೊಂಟಕ್ಕೆ ಹುಯ್ದುಕೊಂಡು ಬಂದ ಮೇಲೆ ಮಾಡಿದರೆ ಮೈ ಅರ್ಧ ಸಡಿಲವಾಗೇ ಇರುತ್ತದೆ. ಕುರ್ಚಿಗೆ ಕಾಲು ಕೊಟ್ಟು ಮಲಗಿ, ನೋವಿಲ್ಲದ ಬಲಗಾಲಿನಿಂದ ಶುರು ಮಾಡಿ. ಬಲಗಾಲಿನ ಹೆಬ್ಬೆರಳು ಬೆಚ್ಚಗಿದೆಯೋ ತಣ್ಣಗಿದೆಯೋ, ಬಟ್ಟೆ ತಾಗುತ್ತಿದೆಯೋ? ಏನೂ ಗೊತ್ತಾಗದಿದ್ದರೆ "ಗೊತ್ತಾಗುತ್ತಿಲ್ಲ" ಎಂದು ಗಮನಿಸಿದರೂ ಸರಿಯೇ. ಎರಡು ಉಸಿರಾದ ಮೇಲೆ ಪಾದ, ಮೀನಖಂಡ, ಮೊಣಕಾಲು, ತೊಡೆ. ಆಮೇಲೆ ಎಡಗಾಲು, ನಂತರ ಕೈ, ಭುಜ, ಕತ್ತು. ದವಡೆಯ ಹತ್ತಿರ ಒಂದು ಗಳಿಗೆ ಹೆಚ್ಚು ನಿಲ್ಲಿ, ನೋವುಣ್ಣುವವರು ಗೊತ್ತಿಲ್ಲದೆ ಹಲ್ಲು ಕಚ್ಚಿರುತ್ತಾರೆ. ನಾಲಿಗೆ ಸಡಿಲ ಬಿಟ್ಟರೆ ದವಡೆಯೂ ಬಿಡುತ್ತದೆ. ಸೊಂಟಕ್ಕೆ ಬರುವುದು ಎಲ್ಲಕ್ಕಿಂತ ಕೊನೆಗೆ, ಅದೂ ಒಂದೇ ಉಸಿರಿನಷ್ಟು. ನಿದ್ದೆ ಬಂದರೆ ಬರಲಿ. 3 ವರ್ಷ ಸರಿಯಾಗಿ ನಿದ್ದೆ ಇಲ್ಲದ ಮೈ ಅದು, ಬಾಕಿ ವಸೂಲಿ ಮಾಡಿಕೊಳ್ಳುತ್ತಿದೆ. ಎಚ್ಚರವಾಗಿ ಮಾಡುವ ಅಭ್ಯಾಸಕ್ಕೆ ಬೆಳಗಿನ ಸುತ್ತನ್ನು ಕುರ್ಚಿಯಲ್ಲಿ ಕೂತು ಮಾಡಿ.

ನಾಲ್ಕನೆಯ ವಾರ ನೋವಿನ ಹತ್ತಿರ ಹೋಗುವುದು. ಇದನ್ನು ಮೊದಲ ದಿನವೇ ಮಾಡಿದರೆ ಹೆದರಿಕೆ ಹೆಚ್ಚುತ್ತದೆ, ಆಪ್‌ಗಳು ಎಡವುವುದು ಇಲ್ಲೇ. ಮೊದಲು ನೋವಿಲ್ಲದ ಒಂದು ತಾವು ಗೊತ್ತು ಮಾಡಿಕೊಳ್ಳಿ. ಸಾಮಾನ್ಯವಾಗಿ ಅಂಗೈ ಒಳ್ಳೆಯದು, ಅಲ್ಲಿ ಬಿಸುಪು ಬೇಗ ತಿಳಿಯುತ್ತದೆ. ಮೂರು ಉಸಿರು ಅಂಗೈಯಲ್ಲಿ ಇರಿ. ಒಂದು ಉಸಿರು ಸೊಂಟಕ್ಕೆ ಹೋಗಿ. ಮತ್ತೆ ಅಂಗೈಗೆ ಬನ್ನಿ. ಹೀಗೆ ಐದು ಸಲ, ಮೂರೂವರೆ ನಿಮಿಷದೊಳಗೆ ಮುಗಿಯುತ್ತದೆ. ಸೊಂಟಕ್ಕೆ ಹೋದಾಗ ಮಾಡಬೇಕಾದ್ದು ವಿಚಾರಣೆ. ಎಷ್ಟು ಅಗಲ ಇದೆ, ಅಂಗೈಯಷ್ಟೋ ಎರಡು ಬೆರಳಿನಷ್ಟೋ? ಅಂಚು ಎಲ್ಲಿ ಮುಗಿಯುತ್ತದೆ? ಉರಿಯೋ, ಎಳೆತವೋ, ಕುಟುಕುವುದೋ? ಒಂದೇ ಸಮ ಇದೆಯೋ, ಉಸಿರಿನ ಜೊತೆ ಏರಿಳಿಯುತ್ತದೆಯೋ? "ನನ್ನ ಸೊಂಟ ಹೋಯಿತು, ಇನ್ನು ತೋಟ ಯಾರು ನೋಡುತ್ತಾರೆ" ಎಂಬುದು ಎರಡನೆಯ ಬಾಣ. "ಎಡಕ್ಕೆ ಅಂಗೈ ಅಗಲ ಬಿಸಿ, ಎಳೆಯುತ್ತಿದೆ, ಈಗ ತುಸು ಇಳಿಯಿತು" ಎಂಬುದು ಮೊದಲನೆಯದು ಮಾತ್ರ. ಎರಡಕ್ಕೂ ಇರುವ ಅಂತರ ಮೈಗೆ ಗೊತ್ತಾದ ದಿನ ಅಭ್ಯಾಸ ಹಿಡಿಯಿತು ಅಂತಲೇ ಲೆಕ್ಕ. ಬೊಗಳುವ ನಾಯಿಯನ್ನು ಹೊಡೆದು ಸುಮ್ಮನಾಗಿಸಲು ಆಗುವುದಿಲ್ಲ, ಪಕ್ಕದಲ್ಲಿ ಹೋಗಿ ಕೂತು ಏನೂ ಇಲ್ಲ ಎಂದು ಅದಕ್ಕೇ ತಿಳಿಯುವಂತೆ ಮಾಡಬೇಕು. ಒಂದು ಉಸಿರಿನಷ್ಟು ಸೊಂಟದಲ್ಲಿರುವುದೂ ಕಷ್ಟವಾದರೆ ಬಿಟ್ಟು ಅಂಗೈಗೆ ಬಂದುಬಿಡಿ, ಮಾರನೆಯ ದಿನ ನೋಡೋಣ.

ಐದರಿಂದ ಎಂಟನೆಯ ವಾರ ಇದನ್ನು ಕೆಲಸದೊಳಕ್ಕೆ ತರುವುದು. ಕೂತ ಅಭ್ಯಾಸವನ್ನು 20 ನಿಮಿಷಕ್ಕೆ ಏರಿಸಬಹುದು, ಏರಿಸದಿದ್ದರೂ ಕೆಲಸದ ನಡುವಿನ ಅಭ್ಯಾಸವನ್ನು ಬಿಡಬೇಡಿ. ಬೆಳಿಗ್ಗೆ ಏಳುವ ಹೊತ್ತನ್ನೇ ನೋಡಿ. ಎಚ್ಚರವಾದ ಕೂಡಲೇ ನೋವಿನ ನೆನಪಾಗಿ ಉಸಿರು ಹಿಡಿದು ಒಂದೇ ಏಟಿಗೆ ಎದ್ದರೆ ಸೊಂಟ ಹಿಡಿದುಕೊಳ್ಳುತ್ತದೆ. ಮಂಡಿ ಮಡಚಿ ಮೂರು ಉಸಿರು. ಎರಡೂ ಮಂಡಿ ಸೇರಿಸಿ ಹತ್ತು ಸಲ ಎಡಕ್ಕೆ ಬಲಕ್ಕೆ ವಾಲಿಸಿ. ಮಗ್ಗುಲಾಗಿ, ಉಸಿರು ಬಿಡುತ್ತಾ ಕೈಯೂರಿ ಏಳಿ. ರಾತ್ರಿ ಮಲಗಿದಾಗ ಡಿಸ್ಕ್ ನೀರು ಹೀರಿ ತುಂಬಿಕೊಂಡಿರುತ್ತದೆ, ಆದ್ದರಿಂದ ಎದ್ದ ಮೊದಲ ಒಂದು ಗಂಟೆ ಬಗ್ಗುವ ಕೆಲಸ ಬೇಡ. ಬಗ್ಗಿ ಅಂಗಳ ಗುಡಿಸುವುದನ್ನು ಹೊತ್ತೇರಿದ ಮೇಲೆ ಮಾಡಿ, ಇಲ್ಲವೇ ಉದ್ದ ಹಿಡಿಯ ಪೊರಕೆ ತನ್ನಿ. ಕಣದಲ್ಲಿ ಕಾಫಿ ಕೆದಕುವಾಗ 20 ನಿಮಿಷಕ್ಕೊಮ್ಮೆ ನಿಂತು ಆರು ಉಸಿರು, ದವಡೆ ಭುಜ ಸಡಿಲ. ನೋವು ಏಳುವ ಮುಂಚೆ ನಿಲ್ಲುವುದು ಮುಖ್ಯ, ಎದ್ದ ಮೇಲಲ್ಲ. ಹಾಗೇ, ನೋವು ಕಡಿಮೆ ಇದ್ದ ದಿನ ಬಾಕಿ ಕೆಲಸವೆಲ್ಲ ಒಂದೇ ಸಲ ಎಳೆದುಹಾಕಿ ಮೂರು ದಿನ ಮಲಗುವುದು ಈ ನೋವಿನವರೆಲ್ಲರೂ ಬೀಳುವ ಗುಂಡಿ.

ಧ್ಯಾನಕ್ಕೆ ಕೂತಾಗ ನಡುನಡುವೆ "ಕಡಿಮೆಯಾಯಿತಾ?" ಎಂದು ಸೊಂಟವನ್ನು ಕೇಳಬೇಡಿ. ಅನ್ನ ಬೇಯುವಾಗ ಮುಚ್ಚಳ ತೆಗೆತೆಗೆದು ನೋಡಿದ ಹಾಗೆ ಅದು. ಲೆಕ್ಕವನ್ನು ವಾರಕ್ಕೊಮ್ಮೆ ಗೋಡೆಯ ಕ್ಯಾಲೆಂಡರಿನಲ್ಲಿ ಬರೆಯಿರಿ: ಎಷ್ಟು ನೋವಿನ ಮಾತ್ರೆ ನುಂಗಿದೆ, ರಾತ್ರಿ ಎಷ್ಟು ಸಲ ಎಚ್ಚರವಾಯಿತು, ನಿಲ್ಲದೆ ಎಷ್ಟು ನಿಮಿಷ ಕೆಲಸ ಮಾಡಿದೆ. ನೋವಿನ ಅಂಕಿ ಇಳಿಯುವುದಕ್ಕೆ ಮುಂಚೆ ಇವು ಬದಲಾಗುತ್ತವೆ.

ಎಷ್ಟು ದಿನ, ಎಷ್ಟು ಗುಣ? 2016ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಹಳೆಯ ಬೆನ್ನು ನೋವಿನ 342 ಜನರನ್ನು ಮೂರು ಗುಂಪು ಮಾಡಿದ್ದರು. 26 ವಾರದ ಹೊತ್ತಿಗೆ ದಿನದ ಓಡಾಟ, ಕೆಲಸದಲ್ಲಿ ಎದ್ದು ಕಾಣುವ ಸುಧಾರಣೆ ಆದದ್ದು, ಈ ಮೈಂಡ್‌ಫುಲ್‌ನೆಸ್ ಧ್ಯಾನವನ್ನು 8 ವಾರ ಕಲಿತ 100ರಲ್ಲಿ ಸುಮಾರು 60 ಜನರಿಗೆ. ನೋವಿನ ಬಗೆಗಿನ ಯೋಚನೆ, ಅಭ್ಯಾಸಗಳನ್ನು ತಿದ್ದುವ ಸಿಬಿಟಿ ಎಂಬ ಮನೋಚಿಕಿತ್ಸೆ ಪಡೆದವರಲ್ಲಿ 58. ಮಾಮೂಲಿ ಚಿಕಿತ್ಸೆಯಲ್ಲೇ ಇದ್ದವರಲ್ಲಿ 44. ಮರುವರ್ಷ ಅಲ್ಲಿನ ವೈದ್ಯರ ಸಂಘಟನೆ ಅಮೆರಿಕನ್ ಕಾಲೇಜ್ ಆಫ್ ಫಿಜಿಷಿಯನ್ಸ್‌ನ ಮಾರ್ಗಸೂಚಿ ಹಳೆಯ ಬೆನ್ನು ನೋವಿಗೆ ಮಾತ್ರೆಗಿಂತ ಮೊದಲು ನೋಡಬೇಕಾದವುಗಳಲ್ಲಿ ವ್ಯಾಯಾಮದ ಜೊತೆ ಇದನ್ನೂ ಸೇರಿಸಿತು. ಈ ಅಂಕಿಯ ಇನ್ನೊಂದು ಮಗ್ಗುಲನ್ನೂ ನೋಡಿ: ಧ್ಯಾನ ಕಲಿತ 100ರಲ್ಲಿ 40 ಜನರಿಗೆ ಅಷ್ಟು ಸುಧಾರಣೆ ಆಗಲಿಲ್ಲ. ಆದ್ದರಿಂದ 8 ವಾರ ಬಿಡದೆ ಮಾಡಿ, ಕ್ಯಾಲೆಂಡರ್ ನೋಡಿ. ಏನೂ ಬದಲಾಗಿಲ್ಲ ಅಂದರೆ ನಿಮ್ಮ ತಪ್ಪಲ್ಲ, ಬೇರೆ ದಾರಿ ಹಿಡಿಯೋಣ. ಯಾವ ದಾರಿಯಾದರೂ ಧ್ಯಾನವೊಂದೇ ಸಾಲದು. ದಿನಕ್ಕೆ 20-30 ನಿಮಿಷ ಸಮತಟ್ಟಿನಲ್ಲಿ ನಡಿಗೆ, ಫಿಸಿಯೋಥೆರಪಿಯವರು ತೋರಿಸುವ ಹೊಟ್ಟೆ-ಬೆನ್ನಿನ ವ್ಯಾಯಾಮ ಜೊತೆಗಿರಲೇಬೇಕು. ಪೂರ್ತಿ ವಿಶ್ರಾಂತಿ ಬೆನ್ನಿಗೆ ಒಳ್ಳೆಯದಲ್ಲ.

ಮಾತ್ರೆಯ ವಿಚಾರದಲ್ಲಿ ಎರಡು ಬಗೆ ಮಾಡಿಕೊಳ್ಳಿ. ಮೆಡಿಕಲ್ ಶಾಪಿನಿಂದ ತರುತ್ತಿರುವುದು ಡೈಕ್ಲೋಫೆನಾಕ್, ಅಸೆಕ್ಲೋಫೆನಾಕ್ ಜಾತಿಯದಾಗಿದ್ದರೆ, ಅದೇ ಈ ಎದೆಯುರಿಯ ಮೂಲವಿರಬಹುದು. ಅವು ಹೊಟ್ಟೆಯ ಒಳಪದರವನ್ನು ಸವೆಸುತ್ತವೆ, ಮೂತ್ರಪಿಂಡಕ್ಕೂ ಭಾರ, ಬಿಪಿಯನ್ನೂ ಏರಿಸುತ್ತವೆ. ಕಡಿಮೆ ಮಾಡುವುದಾದರೆ ಮೊದಲು ಇವನ್ನು. ಬರೀ ಹೊಟ್ಟೆಗೆ ಕಾಫಿ ಕುಡಿದು ಮೇಲೊಂದು ಮಾತ್ರೆ ಹಾಕುವುದನ್ನಂತೂ ಇಂದೇ ನಿಲ್ಲಿಸಿ. ಮಲ ಟಾರಿನಂತೆ ಕಪ್ಪಾದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ರಾತ್ರಿಯ ಪ್ರೆಗಾಬಲಿನ್ ಮಾತ್ರ ಬೇರೆ ಬಗೆ. ಅದನ್ನು ಥಟ್ಟನೆ ಬಿಟ್ಟರೆ ನಿದ್ದೆಗೇಡು, ಬೆವರು, ಕಳವಳ ಬರಬಹುದು, ನೋವೂ ತಿರುಗಿ ಬರಬಹುದು. ಧ್ಯಾನದಿಂದ ಹಾಯೆನಿಸಿದರೂ ಬರೆದುಕೊಟ್ಟವರನ್ನು ಕೇಳಿ ಹಂತಹಂತವಾಗಿಯೇ ಇಳಿಸಿ.

ಆಪ್ ಬೇಕೇ ಅಂದರೆ, ಹತ್ತು ದಿನ ದನಿ ಕೇಳಿಕೊಂಡು ಮಾಡಲು ಆದೀತು, ಆಮೇಲೆ ಫೋನು ದೂರವಿಡಿ. ಬ್ಯಾಂಕಿನ ಮೆಸೇಜ್ ಬರುವುದೂ ಅದರಲ್ಲೇ ತಾನೇ. ಹತ್ತು ದಿನದ ಮೌನ ಶಿಬಿರಕ್ಕೆ ಯಾರಾದರೂ ಕರೆದರೆ ಈಗ ಬೇಡ. ದಿನಕ್ಕೆ ಹತ್ತು ಗಂಟೆಯ ಹತ್ತಿರ ಕೂರುವುದು ಈ ಸೊಂಟಕ್ಕೆ ಆಗುವ ಕೆಲಸವಲ್ಲ. ಅಷ್ಟು ದೀರ್ಘ ಮೌನದಲ್ಲಿ ಕೆಲವರಿಗೆ ಹಳೆಯ ಆಘಾತಗಳು ಮೇಲೆದ್ದು ಬರುತ್ತವೆ, ಗಾಬರಿ, ನಿದ್ದೆಗೇಡು ಹೆಚ್ಚುತ್ತವೆ. ಹಿಂದೆ ಮಾನಸಿಕ ಕಾಯಿಲೆಗೆ ಚಿಕಿತ್ಸೆ ಪಡೆದವರು ಸಣ್ಣ ಅಭ್ಯಾಸವನ್ನೂ ತಮ್ಮ ವೈದ್ಯರಿಗೆ ಹೇಳಿಯೇ ಶುರು ಮಾಡಬೇಕು. ಮನೆಯ ಅಭ್ಯಾಸದಲ್ಲೇ ಎದೆ ಹಾರಿದಂತಾದರೆ, ಅಳು ತಡೆಯದಂತಾದರೆ ಅಲ್ಲಿಗೇ ನಿಲ್ಲಿಸಿ, ಕಣ್ಣು ಬಿಟ್ಟು ಸುತ್ತಲಿನ ಐದು ವಸ್ತುಗಳ ಹೆಸರು ಹೇಳಿ, ಎದ್ದು ಓಡಾಡಿ.

ಸಾಲ ಮತ್ತು ಆನೆಯ ಮಾತು ಬರೆದಿದ್ದೀರಿ. ಆನೆ ಬರುವ ತೋಟದಲ್ಲಿ ಸಂಜೆಗತ್ತಲಿಗೆ ಹೆದರುವುದು ಕಾಯಿಲೆಯಲ್ಲ, ಜೀವ ಉಳಿಸುವ ಬುದ್ಧಿ. ಅದನ್ನು ಧ್ಯಾನದಿಂದ ಕಳೆದುಕೊಳ್ಳಬೇಕಿಲ್ಲ, ತೋಟದೊಳಗೆ ನಡೆಯುವಾಗ ಉಸಿರು ಎಣಿಸುತ್ತಾ ಮೈಮರೆಯಲೂ ಬೇಡ. ಸಾಲದ ಕಂತಿಗೆ ಧ್ಯಾನ ಉತ್ತರವಲ್ಲ, ಅದನ್ನು ಬ್ಯಾಂಕಿನಲ್ಲಿ ಕೂತು ಮಾತಾಡಿಯೇ ಬಗೆಹರಿಸಬೇಕು. ರಾತ್ರಿ ಎರಡು ಗಂಟೆಗೆ ಅದೇ ಲೆಕ್ಕ ತಲೆಯಲ್ಲಿ ತಿರುಗಿದರೆ ಹಾಸಿಗೆ ಪಕ್ಕದ ಹಾಳೆಯಲ್ಲಿ ಒಂದು ಸಾಲು ಬರೆದಿಟ್ಟು, ಬೆರಳ ಗೆಣ್ಣಿನ ಒಂದು ಸುತ್ತು ಮಾಡಿ. ಎರಡು ವಾರಕ್ಕೂ ಮಿಕ್ಕಿ ಯಾವುದರಲ್ಲೂ ಆಸಕ್ತಿ ಇಲ್ಲ, ಊಟ ಸೇರುತ್ತಿಲ್ಲ, ಬದುಕಿದ್ದೇನು ಫಲ ಎನಿಸುತ್ತಿದೆ ಅಂದರೆ ಒಬ್ಬರೇ ಇಟ್ಟುಕೊಳ್ಳಬೇಡಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲಾಗಲಿ ರಾತ್ರಿಯಾಗಲಿ ಫೋನ್ ಮಾಡಬಹುದು, ಖರ್ಚಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಹಳೆಯ ನೋವಿನ ಜೊತೆ ಖಿನ್ನತೆ ಸೇರಿಕೊಳ್ಳುವುದು ಬಹಳ ಸಾಮಾನ್ಯ, ಅದಕ್ಕೆ ಚಿಕಿತ್ಸೆ ಆದರೆ ನೋವೂ ಇಳಿಯಬಹುದು.

ಇನ್ನು ನಿಮ್ಮ ಯಜಮಾನರು. ಅವರೂ ಮಾಡಬಹುದು, ನಾಲ್ಕು-ಆರರ ಉಸಿರು ಬಿಪಿ ಇದ್ದವರಿಗೆ ಒಳ್ಳೆಯದೇ. ಉಸಿರು ಕಟ್ಟಿ ಹಿಡಿಯುವ ಕುಂಭಕ, ರಭಸದ ಕಪಾಲಭಾತಿ, ಭಸ್ತ್ರಿಕಾ ಅವರಿಗೆ ಬೇಡ. ಬಿಪಿ ಮಾತ್ರೆ ದಿನವೂ ನುಂಗಲೇಬೇಕು. ತಿಂಗಳು ಎರಡು ತಿಂಗಳ ನಂತರ ಎದ್ದು ನಿಂತಾಗ ತಲೆ ಹಗುರವಾದಂತಾದರೆ ಬಿಪಿ ಅಳತೆ ಮಾಡಿಸಿ ಡಾಕ್ಟರಿಗೆ ತೋರಿಸಲಿ, ಡೋಸ್ ಬದಲಿಸುವುದು ಅವರ ಕೆಲಸ. ಸಂಜೆ ಜಗಲಿಯಲ್ಲಿ ಇಬ್ಬರೂ ಕುರ್ಚಿ ಹಾಕಿಕೊಂಡು ಒಂದು ಸುತ್ತು ಸೇರಿ ಮಾಡಿದರೆ ತಪ್ಪಿಸುವ ದಿನಗಳು ಕಡಿಮೆಯಾಗುತ್ತವೆ. ಅವರ ಕುರ್ಚಿಗೂ ಟವೆಲ್ ಮಡಿಸಿ ಹಾಕಿ.